ತಮ್ಮ ಗರ್ದ್ ಬಿಟ್ಟು 14 ತಿಂಗಳಾಯಿತು. ‘ಅವನ ಜೀನೇ ಕೆಟ್ಟುಹೋಗಿದೆ’ ಅನ್ನುತ್ತಾರೆ, ನಿಜವಾ?

ಡೊಂಬಿವಲಿ ಅಕ್ಕ
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಇವತ್ತು ಬರೆಯದೆ ಇರಲಾಗಲಿಲ್ಲ.

ನಮ್ಮದು ಕುಂದಾಪುರ ಕಡೆ. ಅಪ್ಪ ಹೋಟೆಲ್ ಕೆಲಸಕ್ಕೆಂದು ಬೊಂಬಾಯಿಗೆ ಬಂದವರು, ನಾನು, ತಮ್ಮ ಹುಟ್ಟಿದ್ದು ಬೆಳೆದದ್ದು ಡೊಂಬಿವಲಿಯಲ್ಲೇ. ತಮ್ಮನಿಗೆ ಈಗ 31. ಆರು ವರ್ಷ ಗರ್ದ್ (ಬ್ರೌನ್ ಶುಗರ್, ಅಂದರೆ ಕಚ್ಚಾ ಹೆರಾಯಿನ್) ಸೇದಿದ, ಫಾಯಿಲ್ ಮೇಲಿಟ್ಟು ಕಾಯಿಸಿ ಹೊಗೆ ಎಳೆಯುತ್ತಿದ್ದ. ಎರಡು ಸಲ ಬಿಟ್ಟ, ಎರಡು ಸಲವೂ ಮತ್ತೆ ಹಿಡಿದ. ಮೊದಲು ಸೇರಿಸಿದ ಖಾಸಗಿ ಕೇಂದ್ರದಲ್ಲಿ ಹೊಡೆದಿದ್ದರು, ಅದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಈ ಸಲ 14 ತಿಂಗಳಿಂದ ಮುಟ್ಟಿಲ್ಲ. ಭಿವಂಡಿಯಲ್ಲಿ ಗೋಡೌನ್ ಕೆಲಸ, ಬೆಳಗ್ಗೆ ಏಳಕ್ಕೆ ಡಬ್ಬಿ ತೆಗೆದುಕೊಂಡು ಹೊರಡುತ್ತಾನೆ.

ಕಳೆದ ಸೋಮವಾರ ಹೊಸ ಫಾಯಿಲ್ ರೋಲ್ ತಂದಿದ್ದೆ. ಚಪಾತಿ ಸುತ್ತಲು ಸರ್ರನೆ ಎಳೆದು ಹರಿದೆ. ಹಿಂದೆ ನಿಂತು ಚಹಾ ಕುಡಿಯುತ್ತಿದ್ದವನ ಲೋಟ ಕಟ್ಟೆಗೆ ತಾಗಿ ಟಣ್ ಅಂತು. ತಿರುಗಿದರೆ ಅವನ ಹಣೆಯಲ್ಲಿ ಬೆವರು, ಮೂಗು ಸೋರುತ್ತಿದೆ, ಒಂದರ ಹಿಂದೆ ಒಂದು ಆಕಳಿಕೆ. ಕಣ್ಣು ಫಾಯಿಲಿನಿಂದ ಕೀಳುತ್ತಿಲ್ಲ. ಕಾಲು ಗಂಟೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದ. ನಾನು ಮತ್ತೆ ಸೇದಿದ್ದಾನೆ ಅಂದುಕೊಂಡು ಬಾಯಿಗೆ ಬಂದಂತೆ ಬೈದುಬಿಟ್ಟೆ. ಅವನು ಮುಟ್ಟಿರಲಿಲ್ಲ. ಆಮೇಲೆ ಪರೀಕ್ಷೆ ಮಾಡಿಸಿದೆವು, ಏನೂ ಇರಲಿಲ್ಲ.

ಅದೇ ಸಂಜೆ ದೊಡ್ಡಪ್ಪ ಬಂದಿದ್ದರು. ವಾಟ್ಸಾಪ್ ವೀಡಿಯೊ ತೋರಿಸಿ, “ಡ್ರಗ್ಸ್ ತಗೊಂಡ್ರೆ ಜೀನೇ ಬದಲಾಗ್ತದಂತೆ, ಇನ್ನು ಇವ ಸರಿಯಾಗುವುದಿಲ್ಲ, ಮದುವೆ ಮಾಡಿದ್ರೆ ಮಕ್ಕಳಿಗೂ ಬರ್ತದೆ” ಅಂದರು. ತಮ್ಮ ಒಳಗಿನ ಕೋಣೆಯಲ್ಲೇ ಇದ್ದ. ರಾತ್ರಿ ಕೇಳಿದ: “ಅಕ್ಕಾ, ನನ್ನ ಮಂಡೆ ಹಾಳಾಗಿಯೇ ಹೋಯ್ತಾ?”

ಏನು ಹೇಳಲಿ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ವಾಸ್ಕೊ ಬಸು
ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಈ ಜೀನು ಗೀನು ಎಲ್ಲಾ ನೆಪ ಅಂತ ನನಗನಸ್ತದ. ಝುವಾರಿ ನಗರಕ್ಕ ಬಂದಾಗಿಂದ ಹದಿನೆಂಟು ವರ್ಷ ಗುಟ್ಕಾ ತಿಂದಾಂವ ನಾನು. ಮಗಳು ಒಂದಿನ “ಅಪ್ಪಾ, ಹತ್ತಿರ ಬರಬ್ಯಾಡ, ವಾಸನಿ ಬರ್ತದ” ಅಂದಳು. ಅವತ್ತೇ ಬಿಟ್ಟೆ. ಮನಸ್ಸು ಗಟ್ಟಿ ಮಾಡಬೇಕ್ರಿ, ಅಷ್ಟ.

ರಾತ್ರಿಪಾಳಿ ಸಿಸ್ಟರ್
ಬಸು ಅಣ್ಣ, ನೀವು ಬಿಟ್ಟದ್ದು ದೊಡ್ಡ ಸಂಗತಿ. ಆದರೆ ಆ ಹುಡುಗ ಮನಸ್ಸು ಗಟ್ಟಿ ಮಾಡಿಕೊಂಡೇ 14 ತಿಂಗಳು ತೆಗೆದಿದ್ದಾನೆ. ಅವನಿಗೆ ಇನ್ನೂ ಗಟ್ಟಿ ಮಾಡು ಅಂದರೆ ಏನರ್ಥ?

ಅಕ್ಕ, ನಾನು ಮುಂಬಯಿಯ ಒಂದು ಸರಕಾರಿ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ನರ್ಸ್. ನೀವು ಬರೆದದ್ದು ಓದಿ ಮೈ ಜುಮ್ ಅಂತು. ಮೂಗು ಸೋರುವುದು, ಆಕಳಿಕೆ, ಬೆವರು ಎಲ್ಲ ಟರ್ಕಿಯ, ಅಂದರೆ ಗರ್ದ್ ನಿಲ್ಲಿಸಿದಾಗ ಬರುವ ನರಳಾಟದ, ಲಕ್ಷಣ. ಗರ್ದ್ ದೇಹದಿಂದ ಹೋಗಿ ವರ್ಷವಾದರೂ ಹಳೆಯ ವಸ್ತು ಕಣ್ಣಿಗೆ ಬಿದ್ದರೆ ಸಾಕು, ದೇಹ ಸಣ್ಣ ಟರ್ಕಿಯನ್ನು ತಾನಾಗಿಯೇ ಎಬ್ಬಿಸುತ್ತದೆ. ಅಮೆರಿಕದ ಅಬ್ರಹಾಂ ವಿಕ್ಲರ್ ಎಂಬ ವೈದ್ಯರು ಕಳೆದ ಶತಮಾನದ ನಡುವಿನಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ನಿಮ್ಮ ತಮ್ಮ ನಾಟಕ ಮಾಡುತ್ತಿರಲಿಲ್ಲ, ಸುಳ್ಳೂ ಹೇಳುತ್ತಿರಲಿಲ್ಲ.

ಮಾಟುಂಗ ಮಾಮ
ಫಾಯಿಲ್ ಇವತ್ತೇ ಮನೆಯಿಂದ ಹೊರಗೆ ಹಾಕು ಮಗಾ. ಚಪಾತಿಗೆ ಬಟ್ಟೆ ಸಾಕು.

ಪಾಷಾಣ್ ಲ್ಯಾಬ್
ನಾನು ಪುಣೆಯಲ್ಲಿ ಜೀವಕೋಶಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ವಿಷಯ ಮೆದುಳಲ್ಲ, ಆದರೆ ಇದನ್ನು ಓದಿಕೊಂಡಿದ್ದೇನೆ. ಅಕ್ಕ, ನಿಮ್ಮ ದೊಡ್ಡಪ್ಪನ ವೀಡಿಯೊ ಎರಡು ಬೇರೆ ಬೇರೆ ಸಂಗತಿಗಳನ್ನು ಕಲಸಿಬಿಟ್ಟಿದೆ.

ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ, ಪ್ರೋಟೀನು ಮಾಡುವ ಜೀನುಗಳು ಸುಮಾರು 20,000. ಚರ್ಮದ ಕೋಶ ಚರ್ಮವಾಗಿ, ಮೆದುಳಿನದು ಮೆದುಳಾಗಿ ಇರುವುದು ಯಾವ ಜೀನು ಕೆಲಸ ಮಾಡುತ್ತಿದೆ, ಯಾವುದು ಸುಮ್ಮನಿದೆ ಎಂಬುದರಿಂದ. ಗರ್ದ್, ಕೊಕೇನ್, ಮದ್ಯ ಮುಟ್ಟುವುದು ಈ ಕೆಲಸದ ಏರಿಳಿತವನ್ನು. ಡಿಎನ್‌ಎಯ ಅಕ್ಷರಗಳು ಹಾಗೇ ಇರುತ್ತವೆ. ನಿಮ್ಮ ತಮ್ಮನ ಜೀನು ಕೆಟ್ಟಿಲ್ಲ.

ಹೇಗೆ ಅಂದರೆ: ಮೆದುಳಿನ ಒಳಗೆ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಚಿಕ್ಕ ಜಾಗವಿದೆ. ಹಸಿದಾಗ ಊಟ, ದಣಿದಾಗ ನೀರು, ಮಗುವಿನ ನಗು, ಇವೆಲ್ಲಕ್ಕೆ ಅಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸುರಿಯುತ್ತದೆ, “ಇದು ಒಳ್ಳೆಯದು, ನೆನಪಿಟ್ಟುಕೋ” ಎಂಬ ಹಾಗೆ. ಗರ್ದ್ ಅದನ್ನು ಊಟ-ನೀರು ಎಂದೂ ತರಲಾಗದಷ್ಟು ಸುರಿಸುತ್ತದೆ. ದಿನವೂ ಹಾಗಾದಾಗ ಆ ಸಂಕೇತ ಕೋಶದ ನಡುವಿನ ತನಕ ಹೋಗಿ ಜೀನುಗಳ ಕೆಲಸವನ್ನೇ ಬದಲಿಸುತ್ತದೆ. ಅದರಲ್ಲಿ ಹೆಚ್ಚು ಹೆಸರು ಕೇಳುವುದು ಡೆಲ್ಟಾ ಫಾಸ್‌ಬಿ ಎಂಬ ಪ್ರೋಟೀನಿನದು. ನ್ಯೂಯಾರ್ಕಿನ ಎರಿಕ್ ನೆಸ್ಲರ್ ಮತ್ತು ಅವರ ಜೊತೆಯವರು ದಶಕಗಳಿಂದ ಇದರ ಹಿಂದೆ ಬಿದ್ದಿದ್ದಾರೆ. ಇದರ ಅಣ್ಣನಂಥ ಫಾಸ್‌ಬಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕರಗುತ್ತದೆ. ಡೆಲ್ಟಾಕ್ಕೆ ಬಾಲದ ತುಂಡು ಇಲ್ಲ, “ಇದನ್ನು ಒಡೆದುಹಾಕಿ” ಎಂಬ ಗುರುತು ಇರುವುದು ಆ ಬಾಲದಲ್ಲೇ. ಹಾಗಾಗಿ ಪ್ರತಿ ಪುಡಿಗೂ ಸ್ವಲ್ಪ ಸ್ವಲ್ಪ ಕೂಡುತ್ತ ಹೋಗಿ ವಾರಗಟ್ಟಲೆ ಉಳಿಯುತ್ತದೆ, ಉಳಿದಷ್ಟು ದಿನ ಬೇರೆ ಜೀನುಗಳನ್ನು ಏರಿಸುತ್ತ ಇಳಿಸುತ್ತ ಇರುತ್ತದೆ.

ಮಾಟುಂಗ ಮಾಮ
ಅಂದರೆ ಪಾಳಿ ಮುಗಿದರೂ ಮನೆಗೆ ಹೋಗದ ಕೆಲಸದವ. ಅಂಥವ ಅಡುಗೆಮನೆಯಲ್ಲಿ ಉಳಿದರೆ ಡಬ್ಬಗಳನ್ನೆಲ್ಲ ತನಗೆ ಬೇಕಾದ ಜಾಗಕ್ಕೆ ಸರಿಸಿಬಿಡುತ್ತಾನೆ. ಮರುದಿನ ಭಟ್ಟರಿಗೆ ಉಪ್ಪು ಸಿಗುವುದಿಲ್ಲ.

ಪಾಷಾಣ್ ಲ್ಯಾಬ್
ಮಾಮ, ನನ್ನ ಗೈಡಿಗೂ ಇಷ್ಟು ಚೆನ್ನಾಗಿ ಹೇಳಲು ಬರುವುದಿಲ್ಲ. ಅದನ್ನೇ ಮುಂದುವರಿಸುತ್ತೇನೆ. 14 ತಿಂಗಳಾದ ಮೇಲೆ ಆ ಕೆಲಸದವ ಇರುವುದಿಲ್ಲ, ಎಂದೋ ಹೋಗಿರುತ್ತಾನೆ. ಅವನು ಸರಿಸಿಟ್ಟ ಡಬ್ಬಗಳು ಅಲ್ಲೇ ಇರಬಹುದು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಉಂಡೆಗಳ ಮೇಲೆ ರಾಸಾಯನಿಕ ಗುರುತುಗಳು ಬೀಳುತ್ತವೆ. ಕೆಲವು ಗುರುತು ಸುತ್ತನ್ನು ಸಡಿಲಿಸಿದರೆ ಕೆಲವು ಬಿಗಿಮಾಡುತ್ತವೆ. ನರಕೋಶದ ಕವಲುಗಳ ಮೇಲಿನ ಚಿಗುರಿನಂಥ ಚಾಚುಗಳೂ ಬದಲಾಗುತ್ತವೆ, ಕೋಶಗಳ ನಡುವಿನ ಸಂಪರ್ಕವೂ ಬದಲಾಗುತ್ತದೆ. ಫಾಯಿಲಿನ ಸದ್ದಿಗೂ ಗರ್ದ್‌ಗೂ ಗಂಟು ಬಿದ್ದಿರುವುದು ಅಲ್ಲಿ.

ಮಡಗಾಂವ್ ಮಂಜು
ಇದೆಲ್ಲ ಇಲಿಗಳ ಕತೆ ತಾನೆ? ಮನುಷ್ಯನ ಮೆದುಳು ತೆರೆದು ನೋಡಿದವರು ಯಾರು?

ಪಾಷಾಣ್ ಲ್ಯಾಬ್
ನೋಡಿದ್ದಾರೆ, ಸತ್ತವರ ಮೆದುಳನ್ನು. ನ್ಯೂಯಾರ್ಕಿನ ಯಾಸ್ಮಿನ್ ಹರ್ಡ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಾಯಿನ್ ಬಳಸುತ್ತಿದ್ದವರ ಮೆದುಳಿನಲ್ಲಿ, ಇದೇ ಭಾಗದ ಸುತ್ತಮುತ್ತ, ಹಿಸ್ಟೋನಿನ ಮೇಲೆ ಅಸಿಟೈಲ್ ಎಂಬ, ಸುತ್ತನ್ನು ಸಡಿಲಿಸುವ ಗುರುತು ಹೆಚ್ಚಿತ್ತು. ಎಷ್ಟು ಹೆಚ್ಚು ವರ್ಷ ಬಳಸಿದ್ದರೋ ಅಷ್ಟು ಹೆಚ್ಚು ಗುರುತು. ಕೋಶ ಕೋಶಗಳ ನಡುವೆ ಗ್ಲುಟಮೇಟ್ ಎಂಬ ರಾಸಾಯನಿಕದ ಸಂದೇಶ ಸಾಗಿಸುವ ಜೀನುಗಳು ಏರುಪೇರಾಗಿದ್ದವು. ಕೊಕೇನ್ ಬಳಸುತ್ತಿದ್ದವರ ಮೆದುಳಿನಲ್ಲಿ ಡೆಲ್ಟಾ ಫಾಸ್‌ಬಿ ಹೆಚ್ಚಿದ್ದದ್ದೂ ಕಂಡಿದೆ.

ನಿಮ್ಮ ಅನುಮಾನ ಸರಿಯಾದದ್ದೇ ಮಂಜು. ಸತ್ತವರ ಮೆದುಳು ಒಂದೇ ಕ್ಷಣದ ಚಿತ್ರ ಕೊಡುತ್ತದೆ, ಚಟಕ್ಕೆ ಮುಂಚೆ ಹೇಗಿತ್ತು ಎಂದು ಹೇಳುವುದಿಲ್ಲ. ಅದಕ್ಕೇ ಇಲಿಯನ್ನೂ ಮನುಷ್ಯನನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಥಾಣೆ ಮೇಷ್ಟ್ರು
ಮಧ್ಯೆ ಬಾಯಿ ಹಾಕುತ್ತೇನೆ. ಕನ್ನಡದಲ್ಲಿ ‘ವಂಶವಾಹಿ’ ಎಂಬ ಒಳ್ಳೆಯ ಮಾತಿರುವಾಗ ಎಲ್ಲರೂ ಜೀನು ಜೀನು ಎನ್ನುವುದು ಏಕೆ? ನಾನು ರಾತ್ರಿ ಶಾಲೆಯಲ್ಲಿ 22 ವರ್ಷ ಕಲಿಸಿದವ, ಹೋಟೆಲ್ ಹುಡುಗರಿಗೂ ಆ ಮಾತು ಅರ್ಥವಾಗುತ್ತಿತ್ತು.

ಪಾಷಾಣ್ ಲ್ಯಾಬ್
ಮೇಷ್ಟ್ರೇ, ಇಲ್ಲಿ ಆ ಮಾತೇ ತೊಂದರೆ ಕೊಡುತ್ತಿದೆ ಅನ್ನಿಸುತ್ತದೆ. ವಂಶವಾಹಿ ಅಂದ ಕೂಡಲೇ ಅಜ್ಜ-ಮೊಮ್ಮಗ ಎಂದೇ ತಲೆ ಓಡುತ್ತದೆ. ಜೀನು ದಿನದಿನವೂ ಕೋಶದೊಳಗೆ ಕೆಲಸ ಮಾಡುತ್ತಿರುತ್ತದೆ ಎಂಬುದು ಅದರಲ್ಲಿ ಕಾಣುವುದೇ ಇಲ್ಲ.

ಥಾಣೆ ಮೇಷ್ಟ್ರು
ಹ್ಞೂಂ. ಅದು ಯೋಚಿಸಬೇಕಾದ ಮಾತು. ಒಪ್ಪಿದೆ. ಆದರೆ ಜೀನಿನ ಕೆಲಸ ಬದಲಿಸುವ ಈ ಗುರುತುಗಳ ಶಾಸ್ತ್ರ ‘ಎಪಿಜೆನೆಟಿಕ್ಸ್’ಗೆ ಒಂದು ಕನ್ನಡ ಪದ ಹುಡುಕಲೇಬೇಕು.

ಮಾಟುಂಗ ಮಾಮ
ಪದ ಆಮೇಲೆ ಹುಡುಕುವ ಮೇಷ್ಟ್ರೇ. 80ರ ದಶಕದಲ್ಲಿ ಗರ್ದ್ ಬೊಂಬಾಯಿಗೆ ಬಂದಾಗ ನಮಗೆ ಹೆಸರೂ ಗೊತ್ತಿರಲಿಲ್ಲ. ನಾನಾಗ ಗಲ್ಲೆಯಲ್ಲಿ ಕೂರುತ್ತಿದ್ದೆ. ಊರಿನಿಂದ ಬಂದ ಹುಡುಗನೊಬ್ಬ, ಹದಿನೇಳು ವರ್ಷ, ಟೇಬಲ್ ಒರೆಸುವವ. ಕೈ ಎಷ್ಟು ಚುರುಕು ಅಂದರೆ ಒಂದೇ ಕೈಯಲ್ಲಿ ಎಂಟು ಲೋಟ. ಆರು ತಿಂಗಳಲ್ಲಿ ಎರಡು ಲೋಟ ಹಿಡಿಯಲಾಗದ ಹಾಗೆ ಆದ. ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದವನ್ನು ಗಿರಾಕಿಗಳು ಬಿಟ್ಟುಹೋದರೆ ಅವನು ಉಗುರಿನಿಂದ ನಯ ಮಾಡಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದ. ನಾನು ಆಟಕ್ಕೆ ಅಂದುಕೊಂಡಿದ್ದೆ. ಕಳ್ಳತನ ಮಾಡಿದ ಅಂತ ಯಜಮಾನರು ಹೊರಗೆ ಹಾಕಿದರು. ನಾನೂ ಸುಮ್ಮನಿದ್ದೆ. ನಾಲ್ಕು ತಿಂಗಳಾದ ಮೇಲೆ ಊರಿನಿಂದ ಅವನ ತಾಯಿ ಬಂದು ಗಲ್ಲೆಯ ಮುಂದೆ ನಿಂತು “ನನ್ನ ಮಗ ಎಲ್ಲಿ” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ಅದಕ್ಕೇ ಅಕ್ಕನ ಪೋಸ್ಟ್ ಓದಿ ನಿದ್ದೆ ಬರಲಿಲ್ಲ.

ಡೊಂಬಿವಲಿ ಅಕ್ಕ
ಮಾಮ…

ಮಡಗಾಂವ್ ಮಂಜು
ಒಂದು ವಿಷಯ ಹೇಳಲೇಬೇಕು. ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರಲ್ಲಿ ಸುಮಾರು 20% ಜನ ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದರು. 1971ರಲ್ಲಿ ವಾಪಸ್ ಬಂದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರು. ಚಟ ಹಿಡಿದಿದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ಸುಮಾರು 5% ಮಾತ್ರ. ಜೀನು, ಗುರುತು, ಚಾಚು ಎಲ್ಲ ಅಷ್ಟು ಗಟ್ಟಿಯಾಗಿದ್ದರೆ ಇವರು ಹೇಗೆ ಬಿಟ್ಟರು? ಬಸು ಹೇಳಿದ್ದರಲ್ಲೂ ಅರ್ಥ ಇದೆ.

ಪಾಷಾಣ್ ಲ್ಯಾಬ್
ಒಳ್ಳೆಯ ಪ್ರಶ್ನೆ, ನಿಜವಾಗಿಯೂ. ಅವರು ಮನೆಗೆ ಬಂದಾಗ ವಿಯೆಟ್ನಾಂ ಹಿಂದೆ ಉಳಿಯಿತು. ಆ ಗುಡಾರ, ಆ ಗೆಳೆಯರು, ಆ ಭಯ, ಪುಡಿ ಮಾರುತ್ತಿದ್ದ ಮುಖ, ಯಾವುದೂ ಊರಿನಲ್ಲಿರಲಿಲ್ಲ. ಬಳಸಿದ್ದೂ ಹೆಚ್ಚಿನವರು ಒಂದು ವರ್ಷದೊಳಗೆ. ಅಕ್ಕನ ತಮ್ಮ ಆರು ವರ್ಷ ಸೇದಿ, ಅದೇ ಸ್ಟೇಷನ್, ಅದೇ ಓಣಿ, ಅದೇ ಅಡುಗೆಮನೆಗೆ ವಾಪಸ್ ಬಂದಿದ್ದಾನೆ. ಜೀನಿನ ಗುರುತು ಅಂದರೆ ಬೀಗ ಹಾಕಿದ ಹಾಗೆ ಎಂದು ನಾನು ಎಲ್ಲೂ ಹೇಳಿಲ್ಲ. ಸದ್ದು, ವಾಸನೆ, ಜಾಗ ಕರೆದಾಗ ಅದು ಓಗೊಡುತ್ತದೆ. ಕರೆಯೇ ಇಲ್ಲದ ಕಡೆ ನಿಧಾನಕ್ಕೆ ಸುಮ್ಮನಾಗುತ್ತದೆ.

ಇಲಿಗಳಲ್ಲಿ 2001ರಲ್ಲಿ ಇನ್ನೊಂದು ಕಂಡಿತು. ಕೊಕೇನ್ ನಿಲ್ಲಿಸಿದ ಮೊದಲ ದಿನಗಳಿಗಿಂತ ಒಂದೆರಡು ತಿಂಗಳಾದ ಮೇಲೆ, ಹಳೆಯ ದೀಪ-ಸದ್ದು ಕೊಟ್ಟಾಗ ಅವು ಕೊಕೇನ್ ಬರುತ್ತಿದ್ದ ಸನ್ನೆಕೋಲನ್ನು ಹೆಚ್ಚು ತವಕದಿಂದ ಒತ್ತಿದವು. ತವಕ ಮೊದಲು ಬಲಿಯುತ್ತದೆ, ಆಮೇಲೆ ಇಳಿಯುತ್ತದೆ. “ಇಷ್ಟು ದಿನ ಆಯ್ತಲ್ಲ, ಇನ್ನೇನು” ಎಂದು ಮನೆಯವರು ಕೈಬಿಡುವುದು ಹಲವು ಸಲ ಅದೇ ಹೊತ್ತಿಗೆ.

ವಾಸ್ಕೊ ಬಸು
ಇದನ್ನ ಓದಿ ಒಂದ ಮಾತ ಒಪ್ಕೊಬೇಕಾಗ್ಯದ. ಬಿಟ್ಟು ಮೂರು ವರ್ಷ ಆತು. ಸೈಟಿನ್ಯಾಗ ಯಾರರ ಹಲ್ಲಿನಿಂದ ಪಾಕೀಟ ಹರಿದ್ರ, ಆ ಚರ್ ಅನ್ನೂ ಸಪ್ಪಳಕ್ಕ ಬಾಯಾಗ ನೀರು ಬರ್ತಾವ್ರಿ. ನಾ ಎದ್ದು ಆಚೆ ಹೋಗಿ ನಿಲ್ತೀನಿ. ಯಾರಿಗೂ ಹೇಳಿದ್ದಿಲ್ಲ, ಹೆಂಡತಿಗೂ ಹೇಳಿಲ್ಲ. ಅಕ್ಕಾರ, ಮೊದಲ ಬರದದ್ದಕ್ಕ ಕ್ಷಮಾ ಇರಲಿ. ಫಾಯಿಲ್ ಅಂದ್ರ ಅವಂಗ ಅದ.

ಪಾಷಾಣ್ ಲ್ಯಾಬ್
ಬಸು ಅಣ್ಣ, ತಂಬಾಕು ಸೇದುವವರ ರಕ್ತದಲ್ಲೇ ಇಂಥ ಗುರುತು ನೋಡಬಹುದು. ಎಎಚ್‌ಆರ್‌ಆರ್ ಎಂಬ ಜೀನಿನ ಮೇಲಿನ ಮೀಥೈಲ್ ಎಂಬ ಇನ್ನೊಂದು ರಾಸಾಯನಿಕ ಗುರುತು ಸೇದುವವರಲ್ಲಿ ಕಡಿಮೆಯಾಗುತ್ತದೆ, ಬಿಟ್ಟ ಮೇಲೆ ಮೆಲ್ಲಗೆ ವಾಪಸ್ ಬರುತ್ತದೆ. ಸಾವಿರಾರು ಜನರ ರಕ್ತ ನೋಡಿದ 2016ರ ಅಧ್ಯಯನದಲ್ಲಿ ಡಿಎನ್‌ಎ ಮೇಲಿನ ಇಂಥ ಹೆಚ್ಚಿನ ಗುರುತುಗಳು ಬಿಟ್ಟ ಐದು ವರ್ಷದೊಳಗೆ ಎಂದೂ ಸೇದದವರ ಮಟ್ಟಕ್ಕೆ ಬಂದಿದ್ದವು, ಕೆಲವು ಮಾತ್ರ 30 ವರ್ಷವಾದರೂ ಉಳಿದಿದ್ದವು. ಅದು ಬೀಡಿ-ಸಿಗರೇಟಿನ ಲೆಕ್ಕ, ಅದೂ ರಕ್ತದ್ದು. ಆದರೂ ದೇಹ ಹಿಂದಕ್ಕೆ ಬರುತ್ತದೆ ಎಂಬುದಕ್ಕೆ ಮನುಷ್ಯರಲ್ಲೇ ಸಿಕ್ಕಿದ ಪುರಾವೆ.

ಕುರ್ಲಾ ಶೆಟ್ರು
ಮಕ್ಕಳಿಗೆ ಬರ್ತದಾ ಇಲ್ವಾ, ಅದು ಹೇಳಿ ಮಾರಾಯ್ರೆ. ಅಕ್ಕ ಕೇಳಿದ್ದು ಅದನ್ನೇ. ಸಂಬಂಧ ನೋಡುವಾಗ ಎಲ್ಲರೂ ಕೇಳುವುದೂ ಅದನ್ನೇ.

ಪಾಷಾಣ್ ಲ್ಯಾಬ್
ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಚಟಕ್ಕೆ ಬೀಳುವ ಒಲವಿನಲ್ಲಿ ಮನುಷ್ಯ ಮನುಷ್ಯರ ನಡುವೆ ಕಾಣುವ ವ್ಯತ್ಯಾಸಕ್ಕೆ ಸರಿಸುಮಾರು ಅರ್ಧ ಕಾರಣ ಹುಟ್ಟಿನಿಂದ ಬಂದದ್ದು. ಅದು ಮೊದಲ ದಮ್ಮಿಗೂ ಮುಂಚಿನಿಂದ ಇರುವ ಪಾಲು. ಒಂದೇ ಮನೆತನ ಅಂದಮೇಲೆ ಅಕ್ಕನಲ್ಲೂ ಅದರಲ್ಲಿ ಒಂದಿಷ್ಟು ಇರಬಹುದು, ದೊಡ್ಡಪ್ಪನಲ್ಲೂ. ಗರ್ದ್ ಸೇದಿದ್ದರಿಂದ ಹೊಸದಾಗಿ ಹುಟ್ಟಿದ್ದಲ್ಲ.

ಸೇದಿದ್ದರಿಂದ ಆದ ಗುರುತು ಮಕ್ಕಳಿಗೆ ದಾಟುತ್ತದಾ ಎಂದು ಇಲಿಗಳಲ್ಲಿ ನೋಡಿದ್ದಾರೆ. ಕೊಕೇನ್ ಕೊಟ್ಟ ಗಂಡು ಇಲಿಗಳ ಗಂಡುಮರಿಗಳು ಕೊಕೇನನ್ನು ಹೆಚ್ಚಲ್ಲ, ಕಡಿಮೆ ತೆಗೆದುಕೊಂಡವು. 2013ರ ಸಂಶೋಧನೆ. ಆ ವೀಡಿಯೊ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಅದನ್ನೇ ಮನುಷ್ಯರಿಗೆ ಅನ್ವಯಿಸಿ ಸಂಬಂಧ ಕೂಡಿಸುವುದೂ ತಪ್ಪು, ಮುರಿಯುವುದೂ ತಪ್ಪು.

ಕುರ್ಲಾ ಶೆಟ್ರು
ಹುಡುಗಿಯ ಮನೆಯವರಿಗೆ ಮುಚ್ಚಿಡಬೇಡಿ ಅಷ್ಟೆ. ಆಮೇಲೆ ಗೊತ್ತಾದರೆ ಅದೇ ದೊಡ್ಡದಾಗ್ತದೆ.

ಯೆರವಡಾ 9
ನಾನು 9 ವರ್ಷದಿಂದ ಕ್ಲೀನ್. ಪುಣೆಯ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರದಲ್ಲಿ ಇದ್ದೆ. ಅನಿಲ್ ಅವಚಟ ಮತ್ತು ಡಾಕ್ಟರ್ ಸುನಂದಾ ಅವಚಟ 1986ರಲ್ಲಿ ಶುರುಮಾಡಿದ್ದು, ಮರಾಠಿ ಲೇಖಕ ಪು.ಲ. ದೇಶಪಾಂಡೆ ಹಣ ಕೊಟ್ಟು ನಿಂತದ್ದು. ನನಗೆ ಮರಾಠಿ ಆಗ ಅಷ್ಟಕ್ಕಷ್ಟೆ, ಆದರೂ ಯಾರೂ ಕೈಬಿಡಲಿಲ್ಲ.

ಅಕ್ಕ, ನಿಮ್ಮ ತಮ್ಮನನ್ನು ಕೂರಿಸಿಕೊಂಡು ಕೇಳಿ: ಯಾವುದು ಯಾವುದು ಎಳೆಯುತ್ತದೆ ಅಂತ. ಬೈಯಬೇಡಿ, ಅಳಬೇಡಿ, ಬರೆದುಕೊಳ್ಳಿ. ನನ್ನದು ಹೀಗಿತ್ತು: ಫಾಯಿಲ್, ಸುಟ್ಟ ಬೆಂಕಿಕಡ್ಡಿಯ ವಾಸನೆ, ಹತ್ತು ರೂಪಾಯಿಯ ಹೊಸ ನೋಟು (ಸುರುಳಿ ಮಾಡಿ ಹೊಗೆ ಎಳೆಯಲು), ಸಂಬಳದ ದಿನ ಸಂಜೆ ಆರು ಗಂಟೆ. ಹೆಂಡತಿ ಗ್ಯಾಸಿಗೆ ಲೈಟರ್ ತಂದಳು. ಸಂಬಳ ಅವಳ ಖಾತೆಗೆ ಹೋಗುವ ಹಾಗೆ ಮಾಡಿದೆವು. ಪುಣೆ ಸ್ಟೇಷನ್ನಿನ ಒಂದು ಗೇಟಿನಿಂದ ನಾಲ್ಕು ವರ್ಷ ನಾನು ಹೊರಗೆ ಬರಲೇ ಇಲ್ಲ, ಸುತ್ತುಹಾಕಿ ಹೋಗುತ್ತಿದ್ದೆ. ಐದನೇ ವರ್ಷ ಒಂದು ದಿನ ಅವಸರದಲ್ಲಿ ಆ ಗೇಟಿನಿಂದಲೇ ಬಂದುಬಿಟ್ಟಿದ್ದೆ, ರಿಕ್ಷಾ ಹತ್ತಿದ ಮೇಲೆ ನೆನಪಾಯಿತು. ಏನೂ ಆಗಿರಲಿಲ್ಲ. ರಿಕ್ಷಾದಲ್ಲೇ ಅತ್ತುಬಿಟ್ಟೆ.

ಅವನಿಗೆ ಹೇಳಿ, ಮಂಡೆ ಹಾಳಾಗಿಲ್ಲ ಅಂತ. ಒಬ್ಬ ಹಳೇ ಗರ್ದುಲ್ಲಾ ಹೇಳಿದ ಅಂತಲೇ ಹೇಳಿ.

ಥಾಣೆ ಮೇಷ್ಟ್ರು
ಆ ಮಾತು ಬಳಸಬೇಡ ತಮ್ಮಾ. ಹೊರಗಿನವರು ಬೈಯಲು ಮಾಡಿಕೊಂಡ ಮಾತು ಅದು.

ಯೆರವಡಾ 9
ಆಯ್ತು ಸರ್.

ಹೊಸಬ
ನನ್ನ ಗೆಳೆಯ ಎಂಡಿ ತಗೋತಾನೆ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದಾ?

ರಾತ್ರಿಪಾಳಿ ಸಿಸ್ಟರ್
ಎಂಡಿ ಅಂದರೆ ಮೆಫೆಡ್ರೋನ್, 2015ರಿಂದ ಅದೂ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯೊಳಗೆ ಬಂದಿದೆ. ಆದರೆ 1985ರ ಅದೇ ಕಾಯ್ದೆಯ 64ಎ ಕಲಮು, ತಾನಾಗಿಯೇ ಚಿಕಿತ್ಸೆಗೆ ಬಂದ ವ್ಯಸನಿಗೆ ಬಳಕೆಯ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ರಕ್ಷಣೆ ಕೊಡುತ್ತದೆ. ಆಸ್ಪತ್ರೆ ಅಂದರೆ ಠಾಣೆಯಲ್ಲ. ಕರೆದುಕೊಂಡು ಬನ್ನಿ. 14446ಕ್ಕೆ ಫೋನ್ ಮಾಡಿದರೆ ಹತ್ತಿರದ ಕೇಂದ್ರ ಯಾವುದು ಅಂತ ಹೇಳುತ್ತಾರೆ, ದುಡ್ಡಿಲ್ಲ.

ಅಕ್ಕ, ಒಂದು ಮುಖ್ಯ ಮಾತು ಬಾಕಿ ಇದೆ, ಹೆದರಿಸಲು ಹೇಳುತ್ತಿಲ್ಲ. ಗರ್ದ್ ಬಿಟ್ಟವರ ದೇಹ ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ, ತವಕ ಮಾತ್ರ ಹಳೆಯದೇ. ಒಂದು ಕೆಟ್ಟ ದಿನ ಹಿಂದಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ನಮ್ಮ ವಾರ್ಡಿನಲ್ಲಿ ಹೀಗೆ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ, ಜಾರಿದರೂ ಮನೆಗೆ ಬಂದು ಹೇಳುವ ಧೈರ್ಯ ಅವನಿಗಿರಬೇಕು. ಬೈಗಳಕ್ಕೆ ಹೆದರಿ ಒಬ್ಬನೇ ಎಲ್ಲೋ ಮೂಲೆಯಲ್ಲಿ ಸೇದಬಾರದು. ಬುಪ್ರೆನಾರ್ಫಿನ್ ಅಂತ ಔಷಧಿ ಇದೆ, ನಾಲಿಗೆ ಕೆಳಗೆ ಇಡುವ ಮಾತ್ರೆ. ತವಕ ತೀರಾ ಹೆಚ್ಚಾದರೆ ಡಾಕ್ಟರ ಹತ್ತಿರ ಕೇಳಿ. “ಒಂದು ನಶೆ ಬಿಟ್ಟು ಇನ್ನೊಂದು” ಅಂತ ಯಾರಾದರೂ ಹಂಗಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬಿಪಿ ಮಾತ್ರೆ ನುಂಗುವವರಿಗೆ ಯಾರೂ ಹಾಗೆ ಕೇಳುವುದಿಲ್ಲ.

ಮಡಗಾಂವ್ ಮಂಜು
ಬಿಪಿ ಮಾತು ಬಂದದ್ದಕ್ಕೆ: 2000ರಲ್ಲಿ ಬಂದ ಒಂದು ಲೇಖನದಲ್ಲಿ ಚಟ ಮರುಕಳಿಸುವ ಪ್ರಮಾಣ 40ರಿಂದ 60% ಎಂದಿತ್ತು. ಬಿಪಿ, ಅಸ್ತಮಾದಲ್ಲಿ ಚಿಕಿತ್ಸೆ ತಪ್ಪಿ ಮತ್ತೆ ಹೆಚ್ಚಾಗುವುದು 50ರಿಂದ 70%. ಮೊದಲು ಓದಿದಾಗ ನಂಬಲಿಲ್ಲ. ಈಗ ನಂಬುತ್ತೇನೆ. ಆದರೂ ಲ್ಯಾಬ್ ತಂಗಿ, ಎಲ್ಲವನ್ನೂ ಮೆದುಳಿಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಕೆಲಸ ಇಲ್ಲದ್ದು, ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುವುದು, ಮಾತಾಡಿಸುವವರಿಲ್ಲದ್ದು, ಇವೂ ಕಾರಣವೇ.

ಪಾಷಾಣ್ ಲ್ಯಾಬ್
ಒಪ್ಪುತ್ತೇನೆ. ಅವೂ ಕೊನೆಗೆ ಮೆದುಳಿನ ಮೂಲಕವೇ ಕೆಲಸ ಮಾಡುವುದು ಎಂಬುದೊಂದೇ ನನ್ನ ತಕರಾರು.

ಮಡಗಾಂವ್ ಮಂಜು
ಅದನ್ನು ಇನ್ನೊಂದು ದಿನ ಜಗಳ ಆಡೋಣ.

ಡೊಂಬಿವಲಿ ಅಕ್ಕ
ಎರಡು ದಿನ ಬರಲಾಗಲಿಲ್ಲ. ನಿನ್ನೆ ರಾತ್ರಿ ಊಟದ ಮೇಲೆ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಓದಿ ಹೇಳಿದೆ. ಮಾಮನ ಪಾಳಿ ಕೆಲಸದವನ ಮಾತಿಗೆ ನಕ್ಕ. ಬೆಳ್ಳಿ ಕಾಗದದ ಹುಡುಗನ ಹತ್ತಿರ ಬಂದಾಗ ಎದ್ದು ಹೋಗಿ ನೀರು ಕುಡಿದು ಬಂದ. ಮಕ್ಕಳ ವಿಷಯ ಎರಡು ಸಲ ಓದಿಸಿದ. ಆಮೇಲೆ ತಾನೇ ಹೇಳಿದ: ಫಾಯಿಲ್, ಸ್ಟೇಷನ್ ಪಶ್ಚಿಮದ ಮೆಟ್ಟಿಲು, ಮತ್ತೆ ನಾನು ಹಚ್ಚುವ ಊದಿನಕಡ್ಡಿ! ಆರು ವರ್ಷ ಕೋಣೆಯ ವಾಸನೆ ಮುಚ್ಚಲು ಅದೇ ಬ್ರ್ಯಾಂಡ್ ಹಚ್ಚುತ್ತಿದ್ದನಂತೆ. ನಾನು ದಿನಾ ಸಂಜೆ ದೇವರ ಮುಂದೆ ಅದನ್ನೇ ಹಚ್ಚಿ, ಇವನು ಸರಿಯಾಗಲಿ ಅಂತ ಕೈಮುಗಿಯುತ್ತಿದ್ದೆ.

ಇವತ್ತಿನಿಂದ ಬರೀ ಎಣ್ಣೆ ದೀಪ. ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ, ಅರ್ಧ ಒಪ್ಪಿದರು, ಅರ್ಧ ಇಲ್ಲ.

ಯೆರವಡಾ ತಮ್ಮಾ, ಇವನು ನಿಮ್ಮನ್ನು ನೋಡಬೇಕು ಅನ್ನುತ್ತಿದ್ದಾನೆ. ಭಾನುವಾರ ಪುಣೆಗೆ ಬಂದರೆ ಸಿಗುತ್ತೀರಾ?

ಯೆರವಡಾ 9
ಬನ್ನಿ ಅಕ್ಕ. ಸ್ಟೇಷನ್ನಿಗೆ ನಾನೇ ಬರುತ್ತೇನೆ. ನಂಬರ್ ಮೆಸೇಜ್ ಮಾಡಿದ್ದೇನೆ.

ಮಾಟುಂಗ ಮಾಮ
ಇಂದ್ರಾಯಣಿ ರೈಲು ಕಲ್ಯಾಣದಲ್ಲಿ ನಿಲ್ಲುತ್ತದೆ, ಅದಕ್ಕೆ ಹೋಗಿ. ಡೊಂಬಿವಲಿಯ ಆ ಮೆಟ್ಟಿಲು ಬೇಡ, ಮನೆಯಿಂದ ಕಲ್ಯಾಣಕ್ಕೆ ನೇರ ರಿಕ್ಷಾ ಮಾಡಿಕೊಳ್ಳಿ.

ವಾಸ್ಕೊ ಬಸು
ಡಬ್ಬಿಗೆ ಜ್ವಾಳದ ರೊಟ್ಟಿ ಕಟ್ರಿ ಅಕ್ಕಾರ, ಬಿಳೇ ಬಟ್ಟಿಯೊಳಗ. ಎರಡು ದಿನ ಇದ್ರೂ ಕೆಡಂಗಿಲ್ಲ.